ಗಾಳಿ ಬೀಳಿಸಿದ ಮರವನ್ನು ಗಾಳಿಯೇ ಒಣಗಿಸಲಿ

ಭರಣಿ ಮಳೆ ಬಂದರೆ ನಮ್ಮ ಚಳ್ಳಕೆರೆ ಕಡೆ ಮಳೆಗಿಂತ ಗಾಳಿಯೇ ಜಾಸ್ತಿ. ಏಪ್ರಿಲ್ ಕೊನೆಯಿಂದ ಮೇ ಮುಗಿಯುವ ತನಕ ಭರಣಿ, ಕೃತ್ತಿಕೆ, ರೋಹಿಣಿ ಈ ಮೂರು ಮಳೆಗಳಲ್ಲಿ ಕಾಲು ಗಂಟೆ ಹನಿಯಬೇಕಾದರೆ ಅರ್ಧ ಗಂಟೆ ಬಿರುಗಾಳಿ ಬೀಸುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಬದುವಿನ ಮೇಲೋ, ಹಳ್ಳದ ದಂಡೆಯಲ್ಲೋ ಒಂದು ಮರ ಮಲಗಿರುತ್ತದೆ. ಅದೇ ಹೊತ್ತಿಗೆ ಉಳುಮೆ ಕೆಲಸ ತಲೆ ಮೇಲೆ ಕೂತಿರುತ್ತದೆ. ಹಾಗಾಗಿ ಮರವನ್ನು "ಇರಲಿ ಬಿಡು, ಬಿಡುವಾದಾಗ ಕಡಿಯೋಣ" ಅಂತ ಬಿಡುವುದು ಊರಲ್ಲೆಲ್ಲ ರೂಢಿ. ಬಿಡುವಾಗುವುದು ಶೇಂಗಾ ಕಿತ್ತ ಮೇಲೆ. ಅಷ್ಟರಲ್ಲಿ ಉತ್ತರೆ, ಹಸ್ತೆ ಮಳೆ ನೆನೆಸಿರುತ್ತದೆ, ಕೆಳಗಿಂದ ಗೆದ್ದಲು ಹತ್ತಿರುತ್ತದೆ. ಚಳಿಗಾಲದಲ್ಲಿ ಆ ಸೌದೆ ಒಲೆಗೆ ಹೋದರೆ ಉರಿಗಿಂತ ಹೊಗೆ ಹೆಚ್ಚು.

ಮಳೆನೀರಿನ ಲೆಕ್ಕ, ಬೀಜದ ಲೆಕ್ಕ ನಾವೆಲ್ಲ ಇಟ್ಟುಕೊಳ್ಳುತ್ತೇವೆ. ಸೌದೆಯ ಲೆಕ್ಕ ಮಾತ್ರ ಹೆಂಗಸರ ಪಾಲಿಗೆ ಬಿಟ್ಟಿದ್ದೇವೆ. ಕಣ್ಣೀರು ಅವರದು, ಕೆಮ್ಮು ಅವರದು. ನಮ್ಮ ಮನೆಯವರಿಗೆ ಕೆಲವು ವರ್ಷದ ಹಿಂದೆ ಕೆಮ್ಮು ಶುರುವಾಗಿ ತಿಂಗಳುಗಟ್ಟಲೆ ಬಿಡಲಿಲ್ಲ. ಡಾಕ್ಟರು ಮೊದಲು ಕೇಳಿದ ಪ್ರಶ್ನೆ, "ಅಡಿಗೆ ಯಾವುದರಲ್ಲಿ ಮಾಡ್ತೀರಮ್ಮಾ?" ಅಂತ. ಔಷಧಿ ಕೊಟ್ಟು ಕಳಿಸುವಾಗ, ಹೊಗೆ ಕಡಿಮೆ ಮಾಡಿಕೊಳ್ಳದಿದ್ದರೆ ಔಷಧಿ ಅರ್ಧ ಕೆಲಸ ಮಾತ್ರ ಮಾಡುತ್ತೆ ಅಂದರು. ಆಗಿನಿಂದ ನಮ್ಮ ಮನೆಯಲ್ಲಿ ಸೌದೆ ಕೂಡ ಬೆಳೆಯ ಹಾಗೆ. ಅದಕ್ಕೂ ಹದ ಇದೆ, ಕಾಲ ಇದೆ.

ಗ್ಯಾಸ್ ಬಂದ ಮೇಲೆ ಸೌದೆ ಮಾತು ಯಾಕೆ ಅಂತ ಕೆಲವರು ಕೇಳಬಹುದು. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ನಮ್ಮಂಥ ಊರುಗಳಲ್ಲೂ ಸಿಲಿಂಡರ್ ಸುಮಾರು ಮನೆಗೆ ಬಂದಿದೆ, ನಿಜ. ಕಾಫಿ, ಸಾರು, ಒಗ್ಗರಣೆ ಅದರಲ್ಲಿ ಆಗುತ್ತೆ. ಹಂಡೆ ನೀರು ಕಾಯಿಸುವುದು, ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಎಸರಿಡುವುದು, ಎತ್ತಿಗೆ ಹುರುಳಿ ಬೇಯಿಸುವುದು, ಹಬ್ಬ ಮದುವೆ ಅಡಿಗೆ, ಇವೆಲ್ಲ ಇವತ್ತಿಗೂ ಸೌದೆ ಮೇಲೇ ನಡೆಯುತ್ತಿವೆ.

ಹಸಿ ಸೌದೆ ಅಂದರೆ ನೀರು ಸುಡುವುದು

ಆಗ ತಾನೆ ಬಿದ್ದ ಮರದ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 40ರಿಂದ 50 ಪಾಲು ನೀರು. ಜಾಲಿಯಂಥ ಗಟ್ಟಿ ಜಾತಿಯಲ್ಲಿ ಸ್ವಲ್ಪ ಕಮ್ಮಿ, ನುಗ್ಗೆ ಹಾಲುವಾಣದಂಥ ಮೆದು ಜಾತಿಯಲ್ಲಿ ಇನ್ನೂ ಜಾಸ್ತಿ. ಚೆನ್ನಾಗಿ ಗಾಳಿಗೆ ಒಣಗಿದ ಮೇಲೆ ಅದು ನೂರಕ್ಕೆ 15-20ಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದು ಬೇಸಿಗೆಯ ಬಿರುಬಿಸಿಲಲ್ಲಿ ಮಾತ್ರ.

ಅರ್ಧ ನೀರೇ ಇರುವ ಒಂದು ಕಿಲೋ ಸೌದೆ ಕೊಡುವ ಶಾಖ ಸುಮಾರು 2,000 ಕಿಲೋ ಕ್ಯಾಲೊರಿ. ಒಣಗಿದ ಒಂದು ಕಿಲೋ ಸೌದೆ ಕೊಡುವುದು ಸುಮಾರು 3,500. ಲೆಕ್ಕ ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಿ ಓಡಿಸಲು 600 ಕಿಲೋ ಕ್ಯಾಲೊರಿಗೂ ಮೇಲೆ ಶಾಖ ಬೇಕು. ಆ ಕೆಲಸದಲ್ಲಿ ಒಲೆಯ ಉರಿ ತಣ್ಣಗಾಗುತ್ತದೆ. ಉರಿ ತಣ್ಣಗಾದರೆ ಮರದಿಂದ ಹೊರಟ ಹೊಗೆಗೆ ಬೆಂಕಿ ಹತ್ತುವುದಿಲ್ಲ. ಹೊಗೆ ಅಂದರೆ ಸುಡದೆ ಹೋದ ಸೌದೆ ಅಂತಲೇ ತಿಳಿಯಿರಿ. ನಾವು ಹೊತ್ತು ತಂದ ಸೌದೆಯೇ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತೆ, ಹೋಗುವಾಗ ಮನೆಯವರ ಎದೆಯೊಳಗೆ ಒಂದಿಷ್ಟು ಬಿಟ್ಟು ಹೋಗುತ್ತೆ.

ಹಸಿ ಕೊರಡು ಒಲೆಗೆ ಇಟ್ಟರೆ ಇನ್ನೊಂದು ತುದಿಯಲ್ಲಿ ನೊರೆ ಬರುತ್ತದಲ್ಲ, ಅದನ್ನು ತೋರಿಸಿ ನಮ್ಮ ಮನೆಯವರು "ನೋಡ್ರಿ, ನಿಮ್ಮ ಸೌದೆ ಉರಿಯಲ್ಲ, ಅಳ್ತೈತೆ" ಅಂತಿದ್ದರು.

ಬಿದ್ದ ಮರದ ಹತ್ತಿರ ಹೋಗುವ ಮುಂಚೆ

ಮೊದಲು ಮೇಲೆ ನೋಡಿ. ಕರೆಂಟ್ ತಂತಿ ಮೇಲೆ ಬಿದ್ದಿದ್ದರೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವ ತನಕ ಹತ್ತಿರ ಸುಳಿಯಬೇಡಿ. ಒದ್ದೆ ನೆಲ, ಹಸಿ ಮರ ಎರಡೂ ಕರೆಂಟ್ ಹರಿಸುತ್ತವೆ.

ಮರ ಯಾರದು ನೋಡಿ. ರಸ್ತೆ ಬದಿಯ ಮರ, ಗೋಮಾಳದ ಮರ ಬಿದ್ದರೂ ನಮ್ಮದಾಗುವುದಿಲ್ಲ. ನಮ್ಮ ಹೊಲದ್ದೇ ಆದರೂ ಬಂಡಿಗೆ, ಟ್ರಾಕ್ಟರಿಗೆ ಹೇರಿ ಊರಾಚೆ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. 1976ರ ಮರ ಸಂರಕ್ಷಣೆ ಕಾಯಿದೆ ಇದೆ. ಶ್ರೀಗಂಧದ ಕಡ್ಡಿಯನ್ನೂ ಮುಟ್ಟಬೇಡಿ. 2001ರ ತಿದ್ದುಪಡಿ ಆದ ಮೇಲೆ ನಮ್ಮ ಜಮೀನಿನ ಗಂಧ ನಮ್ಮದೇ, ಆದರೆ ಕಡಿಯಲು, ಮಾರಲು ಇಲಾಖೆಯ ಒಪ್ಪಿಗೆ ಬೇಕೇ ಬೇಕು.

ಬೇರು ಸಮೇತ ಉರುಳಿದ ಮರದ ಬುಡ ಬಲು ಅಪಾಯ. ಬೊಡ್ಡೆ ಕೊಯ್ದ ಕೂಡಲೇ ಮಣ್ಣು ಹೊತ್ತ ಬೇರಿನ ಗಡ್ಡೆ ಧಡಕ್ಕನೆ ಗುಂಡಿಗೆ ವಾಪಸ್ ಕೂರುತ್ತದೆ. ಆ ಗುಂಡಿಯಲ್ಲಿ ಮಕ್ಕಳು ಇಳಿದು ಆಡುತ್ತಿರುತ್ತವೆ. ಕೊಡಲಿ ಹಾಕುವ ಮುಂಚೆ ಗುಂಡಿ ಸುತ್ತ ಯಾರೂ ಇಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ. ಬಿಲ್ಲಿನ ಹಾಗೆ ಬಾಗಿ ನಿಂತ ಕೊಂಬೆಯೂ ಹಾಗೇ, ಕಡಿದ ಕೂಡಲೇ ಚಿಮ್ಮುತ್ತದೆ. ಪಕ್ಕದಲ್ಲಿ ನಿಂತು ಕಡಿಯಿರಿ, ಎದುರಿಗೆ ನಿಲ್ಲಬೇಡಿ.

ಯಾವ ಮರ ಅಂತ ತಿಳಿಯುವುದು ಹೇಗೆ

ಎಲೆ ಇದ್ದರೆ ಕೂಸೂ ಹೇಳುತ್ತದೆ. ಹಳ್ಳದಲ್ಲಿ ತೇಲಿ ಬಂದದ್ದು, ಹೋದ ವರ್ಷ ಬಿದ್ದದ್ದು, ಬರೀ ಬೊಡ್ಡೆ ಇರುವುದು, ಇವುಗಳನ್ನು ಗುರುತಿಸಲು ತೊಗಟೆ, ಕೊಯ್ದ ಮುಖದ ಬಣ್ಣ, ವಾಸನೆ, ತೂಕ ಈ ನಾಲ್ಕು ನೋಡಬೇಕು. ಕೊಯ್ದ ಮುಖದಲ್ಲಿ ಹೊರಗೆ ಬಿಳಿ ಭಾಗ, ಒಳಗೆ ಬಣ್ಣದ ಚೇಗು ಇರುತ್ತದೆ. ಚೇಗು ಎಷ್ಟು ಅಗಲವೋ ಸೌದೆ ಅಷ್ಟು ಗಟ್ಟಿ, ಹುಳ ಅಷ್ಟು ಕಡಿಮೆ. ನಮ್ಮ ಸೀಮೆಯ ಮರಗಳು ಇವು:

ಕರಿಜಾಲಿ: ಕಪ್ಪು ತೊಗಟೆ, ಉದ್ದಕ್ಕೆ ಆಳವಾದ ಬಿರುಕು. ಗಾಯದ ಕಡೆ ಅಂಟು. ಚೇಗು ಕೆಂಪು ಮಿಶ್ರಿತ ಕಂದು. ಉರಿ ನಿಧಾನ, ಕೆಂಡ ಗಟ್ಟಿ. ಬೊಡ್ಡೆ ನೆಟ್ಟಗಿದ್ದರೆ ಮೊದಲು ಆಚಾರಿಗೆ ತೋರಿಸಿ. ನೇಗಿಲಿಗೋ ಬಂಡಿ ಸಾಮಾನಿಗೋ ಆಗುವುದನ್ನು ಒಲೆಗೆ ಹಾಕುವುದು ಲುಕ್ಸಾನು.

ಬಿಳಿಜಾಲಿ: ತೊಗಟೆ ಬಿಳಿ, ಹಳದಿ ಛಾಯೆ. ಒಳಗೆ ಇಟ್ಟಿಗೆ ಬಣ್ಣದ ಚೇಗು. ಭಾರವಾದ ಮರ, ಒಳ್ಳೆಯ ಸೌದೆ.

ಬಳ್ಳಾರಿ ಜಾಲಿ: ಹೊರಗೆ ತೆಳುವಾದ ಹಳದಿ ಅಂಚು, ಒಳಗೆಲ್ಲ ಗಾಢ ಕಂದು. ಅರ್ಧ ಹಸಿ ಇದ್ದರೂ ಉರಿಯುವ ಮರ, ಇದ್ದಿಲಿಗೂ ಎತ್ತಿದ ಕೈ. ಹೊಲ, ಕೆರೆ ಅಂಗಳ ನುಂಗುತ್ತಿರುವ ಮರವೂ ಇದೇ. ಹಾಗಾಗಿ ಸೌದೆಗೆ ಇದನ್ನು ಎಷ್ಟು ಕಡಿದರೂ ಪಾಪವಿಲ್ಲ. ಮುಳ್ಳು ಚುಚ್ಚಿದರೆ ಬಾವು ಬರುತ್ತೆ, ಜೋಡು ಹಾಕದೆ ಇಳಿಯಬೇಡಿ.

ತುಗ್ಗಲಿ: ಕುಳ್ಳ ಮರ, ಗುಡ್ಡದ ಬುಡದಲ್ಲಿ ಜಾಸ್ತಿ. ಚೇಗು ನೇರಳೆ ಮಿಶ್ರಿತ ಕಂದು. ಮಣಿಕಟ್ಟಿನಷ್ಟು ದಪ್ಪದ ಕಡ್ಡಿಯೂ ಗಟ್ಟಿ.

ಕಮರ: ಎರಡು ಹೋಳು ಜೋಡಿಸಿದ ಹಾಗೆ ಎಲೆ. ಒಳಗೆ ಕಪ್ಪುಕೆಂಪು. ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಇದೂ ಒಂದು, ಚೇಗಿನ ತುಂಡು ನೀರಿಗೆ ಹಾಕಿದರೆ ಮುಳುಗುತ್ತೆ. ಒಣಗಿದ ಮೇಲೆ ಕೊಡಲಿ ಎಗರುತ್ತದೆ.

ಹುಣಸೆ: ಬಹುಪಾಲು ಬಿಳಿಹಳದಿ, ನಡುವೆ ಸೊಟ್ಟಪಟ್ಟ ಆಕಾರದ ಕಪ್ಪು ಚೇಗು. ಎಳೆಗಳು ಹೆಣೆದುಕೊಂಡಿರುತ್ತವೆ, ಸೀಳುವುದು ಕಷ್ಟ. ಶಾಖ ಮಾತ್ರ ಜೋರು. ಒಂದು ದಪ್ಪ ತುಂಡನ್ನು ಸೌದೆ ಸೀಳುವ ದಿಮ್ಮಿಯಾಗಿ ಇಟ್ಟುಕೊಳ್ಳಿ, ಅದಕ್ಕಿಂತ ಬಾಳಿಕೆ ಬರುವುದು ಬೇರೆ ಇಲ್ಲ.

ಬಾಗೆ: ಚೇಗು ಗಾಢ ಕಂದು. ಗರಗಸ ಹಾಕಿದಾಗ ಹೊಟ್ಟು ಮೂಗಿಗೆ ಹೋಗಿ ಸೀನು ಬಂದರೆ ಅದು ಬಾಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಯ್ಯಿರಿ.

ಬೇವು: ಒಳಗೆ ಕೆಂಪು, ಮೂಸಿದರೆ ಗುರುತು ಸಿಗುತ್ತೆ. ಹುಳಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ದಪ್ಪ ಬೊಡ್ಡೆ ಬಾಗಿಲು ಕಿಟಕಿಗೆ, ಕೊಂಬೆ ಒಲೆಗೆ. ಹಸಿ ಬೇವಿನ ಹೊಗೆ ಕಣ್ಣು ಬಿಡಿಸುವುದಿಲ್ಲ, ಪೂರ್ತಿ ಒಣಗಲೇಬೇಕು.

ಹೊಂಗೆ: ಬಿಳಿಹಳದಿ, ಚೇಗು ಬೇರೆಯಾಗಿ ಕಾಣುವುದಿಲ್ಲ. ಸೌದೆ ಪರವಾಗಿಲ್ಲ, ಆದರೆ ಹುಳ ಬೇಗ ಕೊರೆದು ಪುಡಿ ಉದುರಿಸುತ್ತದೆ. ಆ ವರ್ಷದ್ದು ಆ ವರ್ಷವೇ ಸುಟ್ಟು ಮುಗಿಸಿ.

ನೀಲಗಿರಿ: ಎಳೆ ತಿರುಚಿಕೊಂಡಿರುತ್ತದೆ. ಹಸಿಯಲ್ಲಿ ಸೀಳಿದರೆ ಸರಿ, ಒಣಗಿದ ಮೇಲೆ ಬೆಣೆಗೂ ಜಗ್ಗುವುದಿಲ್ಲ.

ನುಗ್ಗೆ, ಹಾಲುವಾಣ, ಬೂರುಗ, ಮುತ್ತುಗ, ಅತ್ತಿ ಇವು ಮೆದು ಮರ. ಉಗುರು ಒತ್ತಿದರೆ ಗುರುತು ಬೀಳುತ್ತೆ. ಬೇಗ ಹತ್ತಿ ಬೇಗ ಆರುತ್ತವೆ. ಉರಿ ಹಚ್ಚುವುದಕ್ಕೆ ಸಾಕು, ಎಸರಿಗೆ ಸಾಲದು.

ಒಲೆಗೆ ಹಾಕಲೇಬಾರದ್ದು ಕಣಗಿಲೆ. ಬಿಳಿ, ಕೆಂಪು, ಹಳದಿ ಯಾವ ಹೂವಿನದಾದರೂ ವಿಷವೇ, ಹೊಗೆಯೂ ಒಳ್ಳೆಯದಲ್ಲ. ಕಳ್ಳಿ ಗಿಡದ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ, ಹಸಿದನ್ನು ಕಡಿಯಲು ಹೋಗಬೇಡಿ.

ಹಳೇ ಬೊಡ್ಡೆಯಾದರೆ ಕೊಡಲಿ ಬೆನ್ನಿಂದ ಬಡಿದು ನೋಡಿ. ಗಟ್ಟಿ ಶಬ್ದ ಬಂದರೆ ಒಳ್ಳೆಯದು. ಬೋಂಗು ಶಬ್ದ ಬಂದರೆ ಒಳಗೆ ಟೊಳ್ಳು. ಮೈಮೇಲೆ ಅಣಬೆ ಎದ್ದಿದ್ದರೆ, ಕತ್ತಿ ಮೊನೆ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಅದನ್ನು ಬದುವಿಗೇ ಬಿಡಿ, ಮಣ್ಣಿಗೆ ಗೊಬ್ಬರವಾಗುತ್ತೆ. ಬೀಳದೆ ನಿಂತಿರುವ ಟೊಳ್ಳು ಮರದಲ್ಲಿ ಗೂಬೆ ವಾಸ ಇದ್ದರೆ ಕಡಿಯಬೇಡಿ. ಶೇಂಗಾ ಹೊಲದ ಇಲಿಗೆ ಅದಕ್ಕಿಂತ ಒಳ್ಳೆ ಕಾವಲುಗಾರ ಸಿಗಲ್ಲ.

ಹದಿನೈದು ದಿನದೊಳಗೆ ಸೀಳಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮರ ಬಿದ್ದ ಹದಿನೈದು ದಿನದೊಳಗೆ ತುಂಡು ಮಾಡಿ ಸೀಳಿಬಿಡಿ. ಬೊಡ್ಡೆಯನ್ನು ಹಾಗೇ ಬಿಟ್ಟರೆ ಎರಡು ವರ್ಷವಾದರೂ ಒಳಗೆ ಹಸಿಯೇ. ತೊಗಟೆ ಅಂದರೆ ಮರಕ್ಕೆ ಹೊದಿಕೆ, ಅದು ನೀರು ಬಿಡುವುದಿಲ್ಲ. ಮರ ಬದುಕಿದ್ದಾಗ ನೀರು ಬೇರಿನಿಂದ ತುದಿಗೆ ಉದ್ದಕ್ಕೆ ಹರಿಯುತ್ತಿತ್ತು. ಸತ್ತ ಮೇಲೂ ಅದೇ ದಾರಿಯಲ್ಲಿ, ಕೊಯ್ದ ತುದಿಗಳಿಂದ ಬೇಗ ಹೊರಗೆ ಬರುತ್ತದೆ, ಪಕ್ಕದಿಂದ ಬರುವುದು ಬಲು ನಿಧಾನ. ಹಾಗಾಗಿ ಮೊದಲು ಗಿಡ್ಡ ಮಾಡುವುದು ಮುಖ್ಯ, ಆಮೇಲೆ ಸೀಳುವುದು.

ಉದ್ದ ಎರಡು ಗೇಣು, ಅಂದರೆ ಒಂದೂವರೆ ಅಡಿ ಸಾಕು. ದಪ್ಪ ಮೂರರಿಂದ ನಾಲ್ಕು ಇಂಚು. ನೀರೊಲೆಗೆ ಬೇಕಾದರೆ ಸ್ವಲ್ಪ ದಪ್ಪ ಇರಲಿ. ಮಣಿಕಟ್ಟಿಗಿಂತ ದಪ್ಪ ಇರುವ ಯಾವ ತುಂಡನ್ನೂ ಸೀಳದೆ ಬಿಡಬೇಡಿ. ಹಸಿಯಲ್ಲಿ ಕೊಡಲಿಗೆ ಬಗ್ಗುವ ಮರ ಒಣಗಿದ ಮೇಲೆ ಕಬ್ಬಿಣದ ಬೆಣೆ, ಸಮ್ಮಟಿ ಕೇಳುತ್ತದೆ. ಆಳಿನ ಕೂಲಿಯೂ ದುಪ್ಪಟ್ಟು. ಉಳುಮೆ ಜೋರಿದ್ದರೆ ದಿನಕ್ಕೆ ಒಂದು ತಾಸು ಹೊತ್ತು ಇಳಿದ ಮೇಲೆ ಕೊಡಿ ಸಾಕು, ಹದಿನೈದು ದಿನದಲ್ಲಿ ಒಂದು ಸಾಧಾರಣ ಜಾಲಿ ಮರ ಮುಗಿಯುತ್ತದೆ.

ಆಷಾಢದ ಗಾಳಿ ನಮ್ಮ ಬಂಡವಾಳ

ಮಲೆನಾಡಿನವರಿಗೆ ಜೂನ್ ಬಂತೆಂದರೆ ಸೌದೆ ಒಣಗಿಸುವ ಮಾತೇ ಇಲ್ಲ. ಬಯಲುಸೀಮೆಯ ನಮಗೆ ಅದೇ ಒಣಗಿಸುವ ಕಾಲ. ಮೃಗಶಿರದಿಂದ ಆಶ್ಲೇಷದ ತನಕ ಮೋಡ ತಲೆ ಮೇಲೆ ಓಡುತ್ತದೆ, ಮಳೆ ತುಂತುರು. ಪಡುವಲ ಗಾಳಿ ಮಾತ್ರ ಹಗಲು ರಾತ್ರಿ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಅವರು ಅದರಲ್ಲಿ ಕರೆಂಟ್ ಮಾಡುತ್ತಾರೆ, ನಾವು ಸೌದೆ ಒಣಗಿಸಬಹುದು, ಬಿಲ್ಲಿಲ್ಲದೆ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ತಿಂಗಳಲ್ಲಿ ಸೀಳಿದ ಸೌದೆಗೆ ಅಷ್ಟರೊಳಗೆ ಮೂರು ಮೂರೂವರೆ ತಿಂಗಳ ಗಾಳಿ ಸಿಕ್ಕಿರುತ್ತದೆ.

ಈ ಗಾಳಿ ಉಪಯೋಗಕ್ಕೆ ಬರುವ ಹಾಗೆ ಒಟ್ಟುವುದು ಹೀಗೆ:

ಕೆಳಗೆ ಕಲ್ಲು ಹಾಸಿ ನೆಲದಿಂದ ಒಂದು ಗೇಣು ಎತ್ತರಿಸಿ. ನಮ್ಮ ಕಡೆ ಕಲ್ಲಿಗೇನು ಬರ? ನೆಲ ಮುಟ್ಟಿದ ಸೌದೆ ಗೆದ್ದಲಿನ ಪಾಲು.

ಒಟ್ಟಿಲು ತೆಂಕಲು ಬಡಗಲಾಗಿ ಉದ್ದಕ್ಕೆ ಇರಲಿ. ಆಗ ಪಡುವಲ ಗಾಳಿ ಅದರ ಅಗಲವಾದ ಮೈಗೆ ಬಡಿದು ಒಳಗೆ ನುಗ್ಗುತ್ತದೆ. ಒಂದೇ ಸಾಲು ಒಟ್ಟಿ. ಎರಡು ಮೂರು ಸಾಲು ಒತ್ತಿ ಒಟ್ಟಿದರೆ ನಡುವಿನದು ಬೂಷ್ಟು ಹಿಡಿಯುತ್ತದೆ.

ಎರಡು ತುದಿಯಲ್ಲಿ ಸೌದೆಯನ್ನು ಅಡ್ಡ ಒಂದು ವರಸೆ, ಉದ್ದ ಒಂದು ವರಸೆ ಜೋಡಿಸಿದರೆ ಕಂಬ ಬೇಕಿಲ್ಲ. ನಡುವಿನದರಲ್ಲಿ ಅಳಿಲು ತೂರುವಷ್ಟು ಸಂದಿ ಇರಲಿ. ಎತ್ತರ ಎದೆಮಟ್ಟ ಸಾಕು. ತೊಗಟೆ ಇರುವ ಮಗ್ಗುಲು ಮೇಲೆ ಬರಲಿ, ತುಂತುರು ಮಳೆ ಜಾರಿ ಹೋಗುತ್ತದೆ.

ತಲೆಗೆ ಮಾತ್ರ ತಗಡೋ ತೆಂಗಿನ ಗರಿಯೋ ಹೊದಿಸಿ, ಮೇಲೆ ಕಲ್ಲು ಹೇರಿ. ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಮರ ಬಿಟ್ಟ ನೀರು ಹಾಳೆ ಒಳಗೇ ಬೆವರಾಗಿ ನಿಂತು ಮತ್ತೆ ಮರಕ್ಕೇ ಇಳಿಯುತ್ತದೆ.

ಮನೆ ಗೋಡೆಗೆ ಒರಗಿಸಬೇಡಿ, ಒಂದು ಮೊಳ ದೂರ ಇರಲಿ. ಗೆದ್ದಲು ಸೌದೆಯಿಂದ ಬಾಗಿಲಿಗೆ ದಾರಿ ಮಾಡಿಕೊಳ್ಳುತ್ತದೆ. ಹುಲ್ಲಿನ ಬಣವೆಯಿಂದಲೂ ದೂರ ಇರಲಿ.

ಒಟ್ಟಿಲಿನ ಸಂದಿಯಲ್ಲಿ ಚೇಳು, ಕಟ್ಟುಹಾವು ಸೇರುವುದು ಸಹಜ. ಸೌದೆ ತೆಗೆಯುವವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಅದೂ ಮುಂಜಾನೆ ಮಬ್ಬಿನಲ್ಲಿ. ಮೊದಲು ಕೋಲಿನಿಂದ ಬಡಿದು ಸದ್ದು ಮಾಡಿ, ಮೇಲಿನಿಂದ ತೆಗೆಯಲಿ. ಮಾರನೇ ದಿನದ್ದನ್ನು ಹಿಂದಿನ ಸಂಜೆ ಬೆಳಕಿದ್ದಾಗಲೇ ತಂದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಣಗಿದ್ದು ಗೊತ್ತಾಗುವುದು

ಒಣಗಿದ ಸೌದೆಯ ತುದಿಯಲ್ಲಿ ಬಂಡಿ ಚಕ್ರದ ಅರೆಕಾಲಿನ ಹಾಗೆ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರುತ್ತದೆ. ತೊಗಟೆ ಕೈಯಲ್ಲಿ ಎಳೆದರೆ ಬಿಚ್ಚುತ್ತದೆ. ಎರಡು ಸೀಳು ಒಂದಕ್ಕೊಂದು ಬಡಿದರೆ ಠಣ್ ಅನ್ನಬೇಕು. ದೊಪ್ ಅಂದರೆ ಇನ್ನೂ ನೀರಿದೆ.

ಇದಕ್ಕಿಂತ ಖಾತ್ರಿ ತಕ್ಕಡಿ. ಒಟ್ಟುವ ದಿನವೇ ನಡುವಿನ ಎರಡು ಸೀಳು ಆರಿಸಿ ಬಣ್ಣದ ದಾರ ಕಟ್ಟಿ, ತೂಗಿ, ತೂಕವನ್ನು ಬಾಗಿಲ ಹಿಂದೆ ಇದ್ದಿಲಲ್ಲಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ತೂಗಿ. ಮೊದಲು ದಡದಡ ಇಳಿಯುತ್ತೆ, ಆಮೇಲೆ ನಿಧಾನ. ಎರಡು ಸಲ ತೂಗಿದಾಗ ಇಳಿಯದೆ ನಿಂತರೆ ಗಾಳಿಯ ಕೆಲಸ ಮುಗಿಯಿತು. ಮಣಿಕಟ್ಟು ದಪ್ಪದ ಕಡ್ಡಿ ಎರಡು ತಿಂಗಳಿಗೆ, ಜಾಲಿ ಬೇವಿನ ಸೀಳು ಮೂರು ನಾಲ್ಕು ತಿಂಗಳಿಗೆ ಈ ಹಂತಕ್ಕೆ ಬರುತ್ತವೆ. ಕಮರ, ಹುಣಸೆ ದಪ್ಪ ತುಂಡುಗಳಿಗೆ ಒಂದು ಬೇಸಿಗೆ ದಾಟಬೇಕು. ನಮ್ಮಲ್ಲಿ ಈ ತೂಗುವ ಕೆಲಸ ಮೊಮ್ಮಗನದು. ಸ್ಕೂಲಿನ ಲೆಕ್ಕಕ್ಕಿಂತ ಇದರಲ್ಲೇ ಅವನಿಗೆ ಆಸಕ್ತಿ.

ತೂಕದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ಮಳೆಗಾಲದಲ್ಲಿ ಸೌದೆಯನ್ನು ತೂಕಕ್ಕೆ ಕೊಳ್ಳುವವರು ನೀರಿಗೂ ದುಡ್ಡು ಕೊಡುತ್ತಾರೆ. ಹತ್ತು ಕಿಲೋದಲ್ಲಿ ನಾಲ್ಕೂವರೆ ಕಿಲೋ ನೀರಿದ್ದರೆ ಮನೆಗೆ ಬಂದ ಮರ ಐದೂವರೆ ಕಿಲೋ ಮಾತ್ರ. ಕೊಳ್ಳಲೇಬೇಕಾದರೆ ಮಾರ್ಚಿನಲ್ಲಿ ಕೊಳ್ಳಿ.

ಒಲೆ ಬದಲಿಸಿದವರಿಗೆ ಒಂದು ಮಾತು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಸಲುವಾಗಿ ಶುರುವಾದ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆ ರೂಪಿಸಿದರು. ಹೊಗೆ ಕೊಳವೆ ಇರುವ ಆ ಒಲೆ ಎಷ್ಟೋ ಮನೆಯಲ್ಲಿ ಬಂತು, ಎಷ್ಟೋ ಮನೆಯಲ್ಲಿ ಮೂಲೆಗೂ ಸೇರಿತು. "ಕೊಳವೆ ಕಟ್ಟಿಕೊಳ್ಳುತ್ತೆ, ಒಡೆದು ಹಾಕಿದ್ವಿ" ಅನ್ನುವವರು ಇದ್ದಾರೆ. ಇಂಥ ಒಲೆಗೆ ಚಿಕ್ಕದಾಗಿ ಸೀಳಿದ ಒಣ ಸೌದೆಯೇ ಬೇಕು. ಹಸಿ ಸೌದೆಯ ಹೊಗೆ ಕೊಳವೆಯಲ್ಲಿ ತಣ್ಣಗಾಗಿ ಡಾಂಬರಿನ ಹಾಗೆ ಅಂಟುತ್ತದೆ. ಒಲೆ ಹೊಸದಾದರೆ ಸಾಲದು, ಸೌದೆ ಹಳೆಯದಾಗಬೇಕು.

ನಮ್ಮ ಮನೆಯಲ್ಲಿ ಈಗ ಎರಡು ಒಟ್ಟಿಲು ಇರುತ್ತವೆ. ಒಂದು ಈ ವರ್ಷ ಸುಡುವುದು, ಇನ್ನೊಂದು ಬರುವ ವರ್ಷದ್ದು. ಎರಡನೆಯದಕ್ಕೆ ಯಾರೂ ಕೈ ಹಾಕುವಂತಿಲ್ಲ, ಬಿತ್ತನೆ ಬೀಜಕ್ಕೆ ಹೇಗೋ ಹಾಗೆ. ಮನೆಯವರ ಕೆಮ್ಮು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಚಳಿಯಲ್ಲಿ ಬರುತ್ತೆ, ಹೋಗುತ್ತೆ. ರಾತ್ರಿ ಎದ್ದು ಕೂರುವುದು ತಪ್ಪಿದೆ. ಹಂಡೆ ನೀರಿಗೆ ಮೊದಲು ಎರಡು ಹೊರೆ ಸೌದೆ ಹೋಗುತ್ತಿದ್ದ ದಿನಗಳಿಗೆ ಈಗ ಒಂದೂಕಾಲು ಹೊರೆ ಸಾಕಾಗುತ್ತಿದೆ.

ಕೊನೆಗೆ, ಬಿದ್ದ ಮರದ ಬುಡ ಕಿತ್ತು ಹೊರಬಂದಿರದಿದ್ದರೆ ಅದನ್ನು ಅಗೆದು ತೆಗೆಯಬೇಡಿ. ಬೇವು, ಹೊಂಗೆ, ತುಗ್ಗಲಿ ಇವೆಲ್ಲ ಬುಡದಿಂದ ಮತ್ತೆ ಚಿಗುರುತ್ತವೆ. ಓರೆಯಾಗಿ ನುಣ್ಣಗೆ ಕೊಯ್ದು, ಸುತ್ತ ಮುಳ್ಳು ಹಾಕಿ ಮೇಕೆ ಬಾಯಿಂದ ಕಾಪಾಡಿ. ಗಟ್ಟಿ ಚಿಗುರು ಎರಡು ಮೂರು ಉಳಿಸಿ ಮಿಕ್ಕಿದ್ದನ್ನು ಸವರಿ. ಬುಡ ಪೂರ್ತಿ ಕಿತ್ತಿದ್ದರೆ ಅದೇ ಗುಂಡಿಯಲ್ಲಿ ಒಂದು ಬೇವಿನ ಸಸಿ ಇಡಿ, ಅಗೆಯುವ ಶ್ರಮವನ್ನು ಗಾಳಿಯೇ ಮಾಡಿಕೊಟ್ಟಿದೆ.

ಮಲೆನಾಡು, ಕರಾವಳಿಯ ರೈತರು ಮಳೆಗಾಲದ ನಡುವೆ ಸೌದೆ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ತಿಳಿಯುವ ಆಸೆ ನನಗಿದೆ. ನಿಮ್ಮ ಕಡೆಯ ಕ್ರಮ ಏನು, ಯಾವ ಮರ ಒಳ್ಳೆಯದು, ಪತ್ರಿಕೆಗೆ ಬರೆಯಿರಿ.